ಗಾಯ ಮಾಯಿಸುವ ಕಿಣ್ವವೇ ಕ್ಯಾನ್ಸರನ್ನೂ ಹರಡಿಸುತ್ತದೆಯೇ? ತಿಳಿದವರು ಹೇಳಿ

ತುಂಗಾತೀರ
ಭಾನುವಾರದ ಪುರವಣಿಯ ಲೇಖನವೊಂದನ್ನು ಓದಿ ತಲೆ ಕೆಟ್ಟಿದೆ. ಜೀವಕೋಶದ ಪೊರೆಯ ಮೇಲಿರುವ ಎಂಟಿ1-ಎಂಎಂಪಿ ಎಂಬ ಕಿಣ್ವ ಗಾಯ ಮಾಯಲು ಬೇಕಂತೆ. ಕ್ಯಾನ್ಸರ್ ಕೋಶಗಳು ಪಕ್ಕದ ಅಂಗಾಂಶಕ್ಕೆ ನುಗ್ಗುವುದೂ ಅದೇ ಕಿಣ್ವದ ಬಲದಿಂದಲಂತೆ. ಅಷ್ಟು ಹೇಳಿ ಲೇಖನ ಮುಗಿದುಬಿಟ್ಟಿದೆ, ಮುಂದಿನದು ಓದುಗರ ಹಣೆಬರಹ.

ನನಗೆ ಇದು ಬರೀ ಕುತೂಹಲವಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ಪಾದದಡಿಯ ಹುಣ್ಣು ಮಳೆಗಾಲದಿಂದ ಮಾಯುತ್ತಿಲ್ಲ. ಕೋಶಗಳ ಬೆಳವಣಿಗೆಗೆ ಪ್ರಚೋದನೆ ಕೊಡುವ ಜೆಲ್ ಒಂದನ್ನು ಡಾಕ್ಟರು ಬರೆದುಕೊಟ್ಟಿದ್ದಾರೆ. "ಇಂಥ ಮುಲಾಮು ಹಚ್ಚುವುದೆಂದರೆ ಕ್ಯಾನ್ಸರಿಗೆ ಮಣೆ ಹಾಕಿದಂತೆ" ಎಂದು ಸೋದರಮಾವ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆದ ಮೇಲೆ ಅಮ್ಮ ಆ ಟ್ಯೂಬನ್ನು ಮುಟ್ಟುತ್ತಿಲ್ಲ.

ಒಂದೇ ಕಿಣ್ವ ಎರಡೂ ಕೆಲಸ ಮಾಡುವುದು ಹೇಗೆ? ಕ್ಯಾನ್ಸರಿಗೆ ಅದು ಅಷ್ಟು ಬೇಕಾಗಿದ್ದರೆ ಅದನ್ನು ತಡೆಯುವ ಮಾತ್ರೆ ಏಕೆ ಇಲ್ಲ?

ಪ್ರಶ್ನೆಪತ್ರಿಕೆ
ಪುರವಣಿಯವರಿಗೆ ವಾರಕ್ಕೊಬ್ಬ ಖಳನಾಯಕ ಬೇಕು. ಕಳೆದ ವಾರ ಸಕ್ಕರೆ, ಈ ವಾರ ಕಿಣ್ವ.

ಪೊರೆಯಾಚೆ
ನನ್ನ ಸಂಬಳ ಬರುವುದೇ ಈ ಕಿಣ್ವದಿಂದ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಸರವಾದವರು ದಾಟಿಕೊಂಡು ಹೋಗಿ.

ಮೊದಲು ಕೊಲಾಜೆನ್, ಅಂದರೆ ಅಂಗಾಂಶವನ್ನು ಹಿಡಿದಿಡುವ ನಾರು. ದೇಹದ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಇದೇ. ಮೂರು ಎಳೆಗಳು ಹೊಸೆದುಕೊಂಡಿರುವುದರಿಂದ ಬಹುತೇಕ ಕಿಣ್ವಗಳಿಗೆ ಹಲ್ಲು ಊರಲು ಜಾಗವೇ ಸಿಗುವುದಿಲ್ಲ. ಎಂಟಿ1-ಎಂಎಂಪಿಗೆ ಸಿಗುತ್ತದೆ. ಅದರ ಕತ್ತರಿಸುವ ಭಾಗದಲ್ಲಿ ಸತುವಿನ ಒಂದು ಅಯಾನು ಇದೆ, ಹಿಸ್ಟಿಡಿನ್ ಎಂಬ ಮೂರು ಅಮೈನೋ ಆಮ್ಲಗಳು ಅದನ್ನು ಹಿಡಿದು ಕೂತಿವೆ. ಕೊಲಾಜೆನ್ನಿನ ಉದ್ದದಲ್ಲಿ ಮುಕ್ಕಾಲು ಪಾಲು ಒಂದು ಕಡೆ, ಕಾಲು ಪಾಲು ಇನ್ನೊಂದು ಕಡೆ ಆಗುವಂತೆ ಕತ್ತರಿಸುತ್ತದೆ. ತುಂಡುಗಳ ಹೊಸೆತ ಮೈಯ ಬಿಸಿಗೇ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ಮಿಕ್ಕದ್ದನ್ನು ಬೇರೆ ಕಿಣ್ವಗಳು ಮುಗಿಸುತ್ತವೆ.

ವಿಶೇಷ ಇರುವುದು ಇದರ ಜಾಗದಲ್ಲಿ. ತಯಾರಾಗುವಾಗ 582 ಅಮೈನೋ ಆಮ್ಲಗಳ ಸರಪಳಿ. ಮುಂಭಾಗದ ತುಂಡನ್ನು ಫ್ಯೂರಿನ್ ಎಂಬ ಇನ್ನೊಂದು ಕಿಣ್ವ ಕತ್ತರಿಸಿ ತೆಗೆದ ಮೇಲೆಯೇ ಇದು ಕೆಲಸಕ್ಕೆ ಬರುವುದು. ಬಾಲದ 20 ಅಮೈನೋ ಆಮ್ಲಗಳು ಕೋಶದ ಒಳಗೆ, ನಡುವಿನ ಚಿಕ್ಕ ಭಾಗ ಪೊರೆಯಲ್ಲಿ, ಉಳಿದದ್ದೆಲ್ಲ ಹೊರಗೆ. ಇದು ಸೇರಿದ ಎಂಎಂಪಿ ಕುಟುಂಬದ ಹೆಚ್ಚಿನ ಕಿಣ್ವಗಳನ್ನು ಕೋಶ ಹೊರಕ್ಕೆ ಸುರಿದುಬಿಡುತ್ತದೆ, ಕಳೆನಾಶಕ ಸಿಂಪಡಿಸಿದ ಹಾಗೆ. ಇದು ಕೈಯಲ್ಲೇ ಹಿಡಿದ ಕತ್ತಿ. ಕೋಶ ಎತ್ತ ತಿರುಗಿದರೆ ಅತ್ತ ಸವರುತ್ತದೆ.

ಮೊಣಕೈ ತರಚಿದಾಗ ಹಕ್ಕಳೆಯ ಕೆಳಗೆ ಆಗುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಂಚಿನ ಚರ್ಮಕೋಶಗಳು ತಳದ ಹಿಡಿತ ಬಿಟ್ಟು, ಚಪ್ಪಟೆಯಾಗಿ, ಒಣಗಿದ ಹಕ್ಕಳೆಗೂ ಜೀವವಿರುವ ಅಂಗಾಂಶಕ್ಕೂ ನಡುವೆ ತೆವಳಿಕೊಂಡು ಮುಂದೆ ಬರುತ್ತವೆ. ಕೆಳಗೆ ಫೈಬ್ರೊಬ್ಲಾಸ್ಟ್ ಎಂಬ ನಾರು ಕಟ್ಟುವ ಕೋಶಗಳು ಹೊಸ ಕೊಲಾಜೆನ್ ಹೆಣೆಯುತ್ತಲೇ ಹಳೆಯದನ್ನು ತೆಗೆಯುತ್ತಿರುತ್ತವೆ. ಚಿಕ್ಕ ರಕ್ತನಾಳಗಳು ಕವಲೊಡೆಯುತ್ತವೆ. ಇದಕ್ಕೆಲ್ಲ ಅಡ್ಡ ಬಂದದ್ದನ್ನು ಕತ್ತರಿಸಲೇಬೇಕು. ಗಾಯ ಮುಚ್ಚಿದ ಮೇಲೆ ಕಿಣ್ವದ ತಯಾರಿಕೆ ಇಳಿಯುತ್ತದೆ, ಪೊರೆಯ ಮೇಲಿರುವುದನ್ನೂ ಕೋಶ ಒಳಕ್ಕೆ ಎಳೆದುಕೊಳ್ಳುತ್ತದೆ.

ಕ್ಯಾನ್ಸರ್ ಕೋಶ ಹೊಸದೇನನ್ನೂ ಕಂಡುಹಿಡಿದಿಲ್ಲ. ಇನ್ವಾಡೊಪೋಡಿಯಾ ಎಂಬ ಮೊನಚು ಚಾಚುಗಳನ್ನು ಹೊರಡಿಸಿ, ಅವುಗಳ ತುದಿಯಲ್ಲಿ ಇದೇ ಕಿಣ್ವವನ್ನು ಗುಡ್ಡೆ ಹಾಕುತ್ತದೆ. ನಿಲ್ಲಿಸು ಎಂಬ ಸೂಚನೆಯನ್ನು ಮಾತ್ರ ಕೇಳುವುದಿಲ್ಲ. 1994ರಲ್ಲಿ ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ಹಿರೋಶಿ ಸಾಟೊ, ಮೊಟೊಹಾರು ಸೆಯ್ಕಿ ಮತ್ತವರ ತಂಡ ಇದನ್ನು ಮೊದಲು ವರದಿ ಮಾಡಿದ್ದೇ ನುಗ್ಗುವ ಗಡ್ಡೆಕೋಶಗಳ ಮೇಲ್ಮೈಯಲ್ಲಿ. ಅದಕ್ಕೇ ಕ್ಯಾನ್ಸರ್ ಕಿಣ್ವ ಎಂಬ ಹಣೆಪಟ್ಟಿ ಅಂಟಿಕೊಂಡಿತು. ಮೊದಲು ಗಾಯದಲ್ಲಿ ಸಿಕ್ಕಿದ್ದರೆ ನಿಮ್ಮ ಪುರವಣಿಯ ತಲೆಬರಹವೇ ಬೇರೆ ಇರುತ್ತಿತ್ತು.

ಗೊದಮೊಟ್ಟೆ
ಈ ಕುಟುಂಬದ ಮೊದಲ ಕಿಣ್ವ ಸಿಕ್ಕಿದ್ದು ನನ್ನ ಬಾಲದಲ್ಲಿ! 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್, ಕಪ್ಪೆಯಾಗುವಾಗ ಗೊದಮೊಟ್ಟೆಯ ಬಾಲ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತಿದ್ದರು. ಬಾಲದ ಚೂರನ್ನು ಕೊಲಾಜೆನ್ ಜೆಲ್ ಮೇಲೆ ಇಟ್ಟರೆ ಸುತ್ತಲಿನ ಜೆಲ್ ಕರಗುತ್ತಿತ್ತು. ಕ್ಯಾನ್ಸರಿನ ಸುದ್ದಿಯೇ ಇರಲಿಲ್ಲ ಅಲ್ಲಿ.

ಹಳೇ ಮೇಷ್ಟ್ರು
ಪೊರೆಯಾಚೆಯವರೇ, ವಿವರಣೆ ಚೆನ್ನಾಗಿದೆ. ಒಂದು ತಕರಾರು. ಕತ್ತಿಯ ಹೋಲಿಕೆ ಕೊಟ್ಟು ಎಲ್ಲ ತಪ್ಪನ್ನೂ ಕೋಶದ ತಲೆಗೆ ಕಟ್ಟಿದಿರಿ. ಹಾಗಾದರೆ ಕತ್ತಿಯನ್ನು ಕಸಿದುಕೊಂಡರೆ ಕೆಲಸ ಮುಗಿಯಿತಲ್ಲ? ಸತುವನ್ನು ಕಚ್ಚಿ ಹಿಡಿಯುವ ಅಣುವೊಂದನ್ನು ತಯಾರಿಸುವುದು ರಸಾಯನಶಾಸ್ತ್ರದವರಿಗೆ ಕಷ್ಟವೇ? ಮೂಲ ಪ್ರಶ್ನೆಯ ಆ ಅರ್ಧಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಮಾತ್ರೆಮನೆ
ತಯಾರಿಸಿದ್ದರು ಮೇಷ್ಟ್ರೇ. ಒಂದಲ್ಲ, ಒಂದು ದಂಡನ್ನೇ. ಔಷಧ ಉದ್ಯಮದಲ್ಲಿ ಕೂದಲು ಹಣ್ಣಾದವನು ನಾನು, 1990ರ ದಶಕದ ಆ ಉತ್ಸಾಹ ಚೆನ್ನಾಗಿ ನೆನಪಿದೆ. ಬ್ರಿಟಿಷ್ ಬಯೋಟೆಕ್‌ನ ಬ್ಯಾಟಿಮಾಸ್ಟಾಟ್ ಮೊದಲು ಬಂತು. ಅದು ನುಂಗಿದರೆ ಮೈಗೆ ಹತ್ತುತ್ತಿರಲಿಲ್ಲ, ಹೊಟ್ಟೆಯ ಪೊಳ್ಳಿಗೆ ನೇರವಾಗಿ ಕೊಡಬೇಕಿತ್ತು. ಬಾಯಲ್ಲಿ ನುಂಗಬಹುದಾದ ಮಾರಿಮಾಸ್ಟಾಟ್ ಅದರ ಹಿಂದೆಯೇ ಬಂತು. ಬೇಯರ್ ಕಂಪನಿಯ ಟಾನೊಮಾಸ್ಟಾಟ್, ಅಗೌರಾನ್‌ನ ಪ್ರಿನೊಮಾಸ್ಟಾಟ್ ಸಾಲುಗಟ್ಟಿದವು. ಇಲಿಗಳಲ್ಲಿ ಫಲಿತಾಂಶ ಭರ್ಜರಿ. ಮನುಷ್ಯರ ಮೂರನೆಯ ಹಂತದ ಪರೀಕ್ಷೆಗೆ ಬಂದಾಗ ಒಂದಾದ ಮೇಲೊಂದು ಮಲಗಿದವು. ಟಾನೊಮಾಸ್ಟಾಟ್ ಪರೀಕ್ಷೆಯನ್ನು 1999ರಲ್ಲಿ ನಿಲ್ಲಿಸಬೇಕಾಯಿತು. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಔಷಧ ತೆಗೆದುಕೊಂಡವರ ಸ್ಥಿತಿ ಹುಸಿಮಾತ್ರೆ ತೆಗೆದುಕೊಂಡವರಿಗಿಂತ ಕೆಟ್ಟದಾಗಿತ್ತು.

ಮಾರಿಮಾಸ್ಟಾಟ್ ತೆಗೆದುಕೊಂಡವರನ್ನು ಕಾಡಿದ್ದು ಕೀಲುಗಳು. ಕೈಬೆರಳು ಮಡಚಲಾಗದು, ಭುಜ ಹಿಡಿದುಕೊಂಡು ತೋಳು ಮೇಲೆತ್ತಲಾಗದು. ಮಾತ್ರೆ ನಿಲ್ಲಿಸಿದರೆ ಸಡಿಲವಾಗುತ್ತಿತ್ತು. ಪ್ರಮಾಣ ಏರಿಸೋಣವೆಂದರೆ ನೋವು ಬಿಡದು, ಇಳಿಸಿದರೆ ಕಿಣ್ವ ಪೂರ್ತಿ ನಿಲ್ಲದು.

ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಸತುವನ್ನು ಹಿಡಿಯುವ ಅಣುವಿಗೆ ಇದು ಎಂಟಿ1, ಅದು ಎಂಎಂಪಿ-8 ಎಂಬ ಭೇದ ಗೊತ್ತಾಗುವುದಿಲ್ಲ. ಮನುಷ್ಯರಲ್ಲಿ ಈ ಕುಟುಂಬದ ಕಿಣ್ವಗಳು ಇಪ್ಪತ್ತಕ್ಕೂ ಹೆಚ್ಚಿವೆ, ಕೆಲವು ಕ್ಯಾನ್ಸರಿಗೆ ಅಡ್ಡ ನಿಲ್ಲುವಂಥವು. ಎಂಎಂಪಿ-8 ಇಲ್ಲದ ಗಂಡು ಇಲಿಗಳಲ್ಲಿ ಚರ್ಮದ ಗಡ್ಡೆಗಳು ಹೆಚ್ಚಾದವು ಎಂದು 2003ರಲ್ಲಿ ತೋರಿಸಿದರು. ಔಷಧ ಶತ್ರುವನ್ನೂ ಕಾವಲುಗಾರನನ್ನೂ ಒಟ್ಟಿಗೆ ಕಟ್ಟಿಹಾಕಿತ್ತು. ಸಾಲದ್ದಕ್ಕೆ, ಪರೀಕ್ಷೆಗೆ ಸೇರಿಸಿಕೊಂಡವರಲ್ಲಿ ಹೆಚ್ಚಿನವರಿಗೆ ರೋಗ ಆಗಲೇ ಮುಂದುವರಿದಿತ್ತು. ಕ್ಯಾನ್ಸರ್ ನುಗ್ಗಿ ಆದ ಮೇಲೆ ನುಗ್ಗುವುದನ್ನು ತಡೆಯುವ ಮದ್ದು ಕೊಟ್ಟು ಫಲವೇನು?

ಸಂಶಯಿ
ಅಥವಾ ಕೆಲಸ ಮಾಡುವ ಔಷಧವನ್ನು ಲಾಭವಿಲ್ಲವೆಂದು ಮುಚ್ಚಿಟ್ಟಿರಬಹುದು. ಕಂಪನಿಗಳನ್ನು ನಂಬಲು ನಿಮಗೆ ಇಷ್ಟು ಆತುರವೇಕೆ?

ಮಾತ್ರೆಮನೆ
ಸಂಶಯಿಗಳೇ, ಆದದ್ದು ತಿರುಗುಮುರುಗು. ಬ್ರಿಟಿಷ್ ಬಯೋಟೆಕ್‌ನ ಕ್ಲಿನಿಕಲ್ ಸಂಶೋಧನೆಯ ಮುಖ್ಯಸ್ಥ ಆಂಡ್ರ್ಯೂ ಮಿಲ್ಲರ್, ಔಷಧಗಳ ಬಗ್ಗೆ ಕಂಪನಿ ಅತಿಯಾಗಿ ಆಸೆ ಹುಟ್ಟಿಸುತ್ತಿದೆ ಎಂಬ ಆತಂಕವನ್ನು ದೊಡ್ಡ ಷೇರುದಾರರ ಬಳಿ ಹೇಳಿಕೊಂಡು 1998ರಲ್ಲಿ ಕೆಲಸ ಕಳೆದುಕೊಂಡರು. ಮುಚ್ಚಿಡುವುದಿರಲಿ, ಇಲ್ಲದ್ದನ್ನು ಇದೆಯೆಂದು ಸಾರುವ ಉಮೇದು ಅಲ್ಲಿತ್ತು. ಷೇರಿನ ಬೆಲೆ ನೆಲಕಚ್ಚಿತು. ಕೆಲಸ ಮಾಡುವ ಕ್ಯಾನ್ಸರ್ ಔಷಧವನ್ನು ಕಪಾಟಿನಲ್ಲಿಟ್ಟು ಲಾಭ ಮಾಡುವ ವಿದ್ಯೆ ಯಾರಿಗೂ ಗೊತ್ತಿಲ್ಲ.

ಪೊರೆಯಾಚೆ
ಮಾತ್ರೆಮನೆಯವರು ಹೇಳಿದ ಕೀಲಿನ ಮಾತಿಗೆ ಸೇರಿಸುತ್ತೇನೆ. 1999ರಲ್ಲಿ ಹೋಲ್ಮ್‌ಬೆಕ್ ಮತ್ತು ಸಂಗಡಿಗರು ಎಂಟಿ1-ಎಂಎಂಪಿ ಜೀನ್ ಇಲ್ಲದ ಇಲಿಗಳನ್ನು ಹುಟ್ಟಿಸಿದರು. ಹುಟ್ಟುವಾಗ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಬೆಳೆಯುತ್ತಾ ಹೋದಂತೆ ಕುಬ್ಜ ದೇಹ, ವಕ್ರ ತಲೆಬುರುಡೆ, ತೆಳು ಮೂಳೆ, ಸಂಧಿವಾತ, ಮೃದು ಅಂಗಾಂಶದಲ್ಲಿ ಗಟ್ಟಿಯಾದ ನಾರು. ಮನುಷ್ಯರಲ್ಲೂ ಇದೇ ಜೀನಿನ ದೋಷದಿಂದ ವಿಂಚೆಸ್ಟರ್ ಸಿಂಡ್ರೋಮ್ ಎಂಬ ತೀರಾ ಅಪರೂಪದ ಮೂಳೆ ಕಾಯಿಲೆ ಬರುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಮೂಳೆ ಎಂದರೆ ದಿನವೂ ಕೆಡವಿ ಕಟ್ಟುತ್ತಿರುವ ಅಂಗಾಂಶ. ಕೆಡವುವವನನ್ನು ಕಳಿಸಿಬಿಟ್ಟರೆ ಕಟ್ಟುವುದೂ ಕೆಡುತ್ತದೆ.

ಮೊಣಕಾಲು
ಹಾಗಾದರೆ ಟಿವಿ ಜಾಹೀರಾತಿನ ಕೊಲಾಜೆನ್ ಪುಡಿ ಕುಡಿದರೆ ಗಾಯಕ್ಕೆ, ಕೀಲಿಗೆ ಒಳ್ಳೆಯದೇ? ಸತುವಿನ ಮಾತ್ರೆ?

ವಾರ್ಡ್ ಸಿಸ್ಟರ್
ಪುಡಿ ಹೊಟ್ಟೆಯಲ್ಲಿ ಅಮೈನೋ ಆಮ್ಲಗಳೂ ಚಿಕ್ಕ ಪೆಪ್ಟೈಡುಗಳೂ ಆಗಿ ಒಡೆಯುತ್ತದೆ. ನೇರವಾಗಿ ಮೊಣಕಾಲಿಗೆ ಹೋಗಿ ಅಂಟಿಕೊಳ್ಳುವುದಿಲ್ಲ. ಸತು ಕಡಿಮೆಯಿದ್ದವರಿಗೆ ಮಾತ್ರೆ ಉಪಯೋಗ, ಸಾಕಷ್ಟಿದ್ದವರಿಗೆ ಅಲ್ಲ. ಆ ದುಡ್ಡಿನಲ್ಲಿ ಬೇಳೆ, ಮೊಟ್ಟೆ, ನೆಲ್ಲಿಕಾಯಿ ತಿನ್ನಿ. ಸಿ ಜೀವಸತ್ವ ಇಲ್ಲದೆ ಕೊಲಾಜೆನ್ನಿನ ಹೊಸೆತ ಗಟ್ಟಿಯಾಗುವುದಿಲ್ಲ.

ಬರೆಯುತ್ತಾ ನೆನಪಾಯಿತು. ನಮ್ಮ ವಾರ್ಡಿನಲ್ಲಿ ಅರ್ಧ ಜಗಳ ನಂಜಿನ ಪದಾರ್ಥದ್ದೇ. ಹೊಲಿಗೆ ಹಾಕಿಸಿಕೊಂಡವರಿಗೆ ಮನೆಯವರು ಮೊಟ್ಟೆ ಬೇಡ, ಮೀನು ಬೇಡ, ಬದನೆಕಾಯಿ ಬೇಡವೆಂದು ತಿಳಿಸಾರು ಅನ್ನ ಕೊಡುತ್ತಾರೆ. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ. ಪ್ರೋಟೀನನ್ನೇ ಬಿಟ್ಟರೆ ಗಾಯ ಯಾವುದರಿಂದ ಕಟ್ಟಿಕೊಳ್ಳಬೇಕು?

ಪ್ರಶ್ನೆಪತ್ರಿಕೆ
ಬದನೆಕಾಯಿಗೆ ಅನ್ಯಾಯ.

ತುಂಗಾತೀರ
ಸಿಸ್ಟರ್, ನೀವು ವಾರ್ಡಿನವರು ಎಂದು ಗೊತ್ತಾಗಿದ್ದೇ ಒಳ್ಳೆಯದಾಯಿತು. ಜೆಲ್ ವಿಷಯ ಹೇಳಿ. ಮಾವನ ಮಾತಿನಲ್ಲಿ ಹುರುಳಿದೆಯೇ?

ವಾರ್ಡ್ ಸಿಸ್ಟರ್
ಒಂದು ಚಿಟಿಕೆಯಷ್ಟು ಇದೆ, ಅದನ್ನು ಮುಚ್ಚಿಡುವುದಿಲ್ಲ. ಬೆಕಾಪ್ಲರ್ಮಿನ್ ಎಂಬ ಜೆಲ್ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆಂದು ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆಯಿತು. ಮೂರು ಅಥವಾ ಹೆಚ್ಚು ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರ್ ಸಾವು ಹೆಚ್ಚಿದಂತೆ ಕಂಡು 2008ರಲ್ಲಿ ಅದರ ಪೊಟ್ಟಣದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಮುಂದಿನ ಮಾಹಿತಿಯಲ್ಲಿ ಆ ಭಯ ಗಟ್ಟಿಯಾಗಿ ನಿಲ್ಲಲಿಲ್ಲ. 2018ರಲ್ಲಿ ಆ ಚೌಕಟ್ಟನ್ನು ತೆಗೆದರು. ಹಚ್ಚುವ ಜಾಗದಲ್ಲೇ ಗಡ್ಡೆ ಇದ್ದರೆ ಬಳಸಬಾರದೆಂಬ ನಿಯಮ ಈಗಲೂ ಇದೆ. ನಿಮ್ಮ ಮಾವನವರು 2008ರ ಸುದ್ದಿಯನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದಾರೆ.

ಅಮ್ಮನಿಗೆ ಬರೆದಿರುವುದು ಯಾವ ಜೆಲ್ ಎಂದು ಟ್ಯೂಬ್ ಹಿಡಿದುಕೊಂಡು ಹೋಗಿ ಬರೆದವರನ್ನೇ ಕೇಳಿ. ಅದಕ್ಕಿಂತ ಮುಖ್ಯ, ಅವರು ನಡೆಯುವಾಗ ಆ ಹುಣ್ಣಿನ ಮೇಲೆ ಭಾರ ಬೀಳುತ್ತಿದೆಯೇ? ಬೀಳುತ್ತಿದ್ದರೆ ಯಾವ ಜೆಲ್ಲೂ ಗೆಲ್ಲುವುದಿಲ್ಲ.

ಪೊರೆಯಾಚೆ
ಸಕ್ಕರೆ ಕಾಯಿಲೆಯ ಹುಣ್ಣಿನಲ್ಲಿ ಕಿಣ್ವಗಳು ಕಡಿಮೆಯಿಲ್ಲ, ಹೆಚ್ಚಿರುತ್ತವೆ. ಇದನ್ನು ಯಾರೂ ಹೇಳುವುದಿಲ್ಲ. ಉರಿಯೂತ ಇಳಿಯದೆ ಎಂಎಂಪಿ-9ರಂಥವು ಹುಣ್ಣಿನ ನೀರಿನಲ್ಲಿ ತುಂಬಿಕೊಂಡು, ಹೊಸದಾಗಿ ಕಟ್ಟಿದ್ದನ್ನೂ ಬೆಳವಣಿಗೆಯ ಸೂಚನೆ ಒಯ್ಯುವ ಪ್ರೋಟೀನುಗಳನ್ನೂ ಕತ್ತರಿಸಿಹಾಕುತ್ತವೆ. ಆದ್ದರಿಂದ ಮೇಲಿನಿಂದ ಇವನ್ನು ಹತೋಟಿಗೆ ತರುವ ಡ್ರೆಸ್ಸಿಂಗುಗಳಿವೆ. ಅಂಥ ಒಂದು ಸುಕ್ರೋಸ್ ಆಕ್ಟಾಸಲ್ಫೇಟ್ ಡ್ರೆಸ್ಸಿಂಗನ್ನು ಯೂರೋಪಿನಲ್ಲಿ 240 ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 2018ರಲ್ಲಿ ಬಂತು. 20 ವಾರದಲ್ಲಿ ಹುಣ್ಣು ಮುಚ್ಚಿದ್ದು ಅದನ್ನು ಹಾಕಿದವರಲ್ಲಿ 48%, ಸಾದಾ ಡ್ರೆಸ್ಸಿಂಗಿನವರಲ್ಲಿ 30%. ಕ್ಯಾನ್ಸರಿನಲ್ಲಿ ಸೋತ ಯೋಚನೆ ಗಾಯದಲ್ಲಿ ಸ್ವಲ್ಪ ಗೆದ್ದಿದೆ, ಏಕೆಂದರೆ ಇಲ್ಲಿ ಮದ್ದು ಬೇಕಾದ ಜಾಗದಲ್ಲಿ ಮಾತ್ರ ಇರುತ್ತದೆ, ಭುಜಕ್ಕೆ ಹೋಗುವುದಿಲ್ಲ.

ಅರಿಶಿನದ ಕೊಂಬು
ನಮ್ಮ ಅಜ್ಜಿಯಂದಿರು ಅರಿಶಿನ ಮೆತ್ತುತ್ತಿದ್ದರು. ಅಮೆರಿಕದವರು ಅದಕ್ಕೇ 1995ರಲ್ಲಿ ಪೇಟೆಂಟ್ ತೆಗೆದುಕೊಂಡಿದ್ದರು, ನೆನಪಿದೆಯೇ? ಗಾಯ ಮಾಯಿಸುವ ಗುಣಕ್ಕೆ! ನಮ್ಮ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು.

ವಾರ್ಡ್ ಸಿಸ್ಟರ್
ಪೇಟೆಂಟ್ ರದ್ದಾದದ್ದು ಅದು ಮೊದಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ ಎಂಬ ಕಾರಣಕ್ಕೆ. ಹಳೆಯ ಹುಣ್ಣಿಗೆ ಅಡುಗೆಮನೆಯ ಡಬ್ಬಿಯ ಅರಿಶಿನ ಸುರಿಯಿರಿ ಎಂದು ಯಾರೂ ತೀರ್ಪು ಕೊಟ್ಟಿಲ್ಲ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಅರಿಶಿನ, ಕಾಫಿಪುಡಿ, ಬೂದಿ ಏನನ್ನೂ ಹಾಕಬೇಡಿ. ಅದನ್ನು ತೊಳೆದು ತೆಗೆಯುವುದರಲ್ಲೇ ನಮ್ಮ ಬೆಳಗು ಮುಗಿಯುತ್ತದೆ.

ಹಲ್ಲಿನ ಡಾಕ್ಟರ್
ಇಡೀ ಚರ್ಚೆ ಕತ್ತರಿಸುವ ಕಿಣ್ವ ಹೆಚ್ಚಾದರೆ ಎಂಬುದರ ಸುತ್ತ ಇದೆ. ಕಡಿಮೆಯಾದರೆ ಏನಾಗುತ್ತದೆ ಎಂದು ನೋಡಲು ಇಲಿಯ ಬಳಿಗೆ ಹೋಗಬೇಕಿಲ್ಲ, ನನ್ನ ಕುರ್ಚಿಗೆ ಬನ್ನಿ. ಗುಟ್ಕಾ, ಅಡಿಕೆ ಜಗಿಯುವ ಇಪ್ಪತ್ತು ಇಪ್ಪತ್ತೈದರ ಹುಡುಗರು ಬರುತ್ತಾರೆ. ಖಾರ ತಿಂದರೆ ಉರಿ, ಬಾಯಿ ಅಗಲಿಸಲಾಗುವುದಿಲ್ಲ ಎನ್ನುತ್ತಾರೆ. ಸಾಮಾನ್ಯ ಬಾಯಿಗೆ ಮೂರು ಬೆರಳು ಲಂಬವಾಗಿ ಹೋಗಬೇಕು. ಇವರಿಗೆ ಒಂದು ಹೋದರೆ ಹೆಚ್ಚು. ಕೆನ್ನೆಯ ಒಳಗೆ ಬೆರಳಾಡಿಸಿದರೆ ಲೋಳೆಪೊರೆಯ ಕೆಳಗೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ನೋಡಲು ಬಿಳಚಿಕೊಂಡು ಅಮೃತಶಿಲೆಯ ಹಾಗಿರುತ್ತದೆ.

ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ರಾಸಾಯನಿಕ ಕೊಲಾಜೆನ್ ತಯಾರಿಕೆಯನ್ನು ಏರಿಸುತ್ತದೆ, ಕತ್ತರಿಸುವ ಕಿಣ್ವಗಳಿಗೆ ತಡೆ ಹಾಕುವ ಟಿಂಪ್ ಪ್ರೋಟೀನುಗಳನ್ನೂ ಏರಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ, ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಬಲ ಕೊಡುತ್ತದೆ. ಹಾಕುವುದು ಹೆಚ್ಚು, ತೆಗೆಯುವುದು ಕಡಿಮೆ. ಆ ಗಟ್ಟಿ ಅಂಗಾಂಶದಲ್ಲೇ ಮುಂದೆ ಕೆಲವರಿಗೆ ಕ್ಯಾನ್ಸರ್. ಕೇರಳದ ಎರ್ನಾಕುಲಂ ಜಿಲ್ಲೆಯ ರೋಗಿಗಳನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 7.6% ಮಂದಿಗೆ ಹಾಗಾಗಿತ್ತು.

ಇನ್ನೊಂದು. ಎಂಎಂಪಿ ತಡೆಯುವ ಮಾತ್ರೆ ಇಲ್ಲವೇ ಇಲ್ಲ ಎನ್ನಬೇಡಿ. ವಸಡಿನ ಕಾಯಿಲೆಗೆ 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಪಡೆದಿದೆ. ಬ್ಯಾಕ್ಟೀರಿಯಾ ಕೊಲ್ಲಲು ಸಾಲದ ಪ್ರಮಾಣ ಅದು. ವಸಡನ್ನು ತಿನ್ನುವ ಕಿಣ್ವಗಳನ್ನು ತಗ್ಗಿಸಲಿಕ್ಕಷ್ಟೇ.

ಅಡಿಕೆ ತೋಟ
ಬಂತು ನೋಡಿ, ಕಿಣ್ವದಿಂದ ಹೊರಟು ಕೊನೆಗೆ ಅಡಿಕೆಯ ತಲೆಗೇ ಹೊಡೆದಿರಿ. ಎಲೆಚುಕ್ಕಿ ರೋಗದಿಂದ ತೋಟ ಒಣಗುತ್ತಿದೆ, ಕೊನೆಗೌಡರು ಸಿಗುವುದಿಲ್ಲ, ರಾಶಿ ಇಡಿಯ ದರ ಇವತ್ತು ಹತ್ತಿದರೆ ನಾಳೆ ಇಳಿಯುತ್ತದೆ. ಈಗ ಇದೊಂದು. ನಮ್ಮ ದೊಡ್ಡಮ್ಮ ತೊಂಬತ್ತರವರೆಗೂ ಕವಳ ಹಾಕಿಕೊಂಡೇ ಬದುಕಿದರು. ಕ್ಯಾನ್ಸರ್ ತಂಬಾಕಿನದು ಡಾಕ್ಟ್ರೇ, ಅಡಿಕೆಯದಲ್ಲ.

ಹಲ್ಲಿನ ಡಾಕ್ಟರ್
ರಾಯರೇ, ಬೆಳೆಗಾರರ ಮೇಲೆ ನನಗೆ ಸಿಟ್ಟಿಲ್ಲ, ನನ್ನ ತವರಿನ ಅಂಗಳದಲ್ಲೂ ಚಾಲಿ ಒಣಗುತ್ತದೆ. ಆದರೆ 1985ರಲ್ಲಿ ತಂಬಾಕು ಸೇರಿದ ಎಲೆಯಡಿಕೆಯನ್ನು ಕ್ಯಾನ್ಸರ್‌ಕಾರಕವೆಂದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, 2004ರ ವರದಿಯಲ್ಲಿ ತಂಬಾಕು ಇಲ್ಲದ ಎಲೆಯಡಿಕೆಯನ್ನೂ ಬರೀ ಅಡಿಕೆಯನ್ನೂ ಮೊದಲನೆಯ ಗುಂಪಿಗೆ, ಅಂದರೆ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ, ಸೇರಿಸಿದೆ. ದೊಡ್ಡಮ್ಮನವರ ಮಾತು ಎಲ್ಲರೂ ಹೇಳುತ್ತಾರೆ. ನಲವತ್ತಕ್ಕೇ ಹೋದ ದೊಡ್ಡಪ್ಪನನ್ನು ಯಾರೂ ಉದಾಹರಣೆಗೆ ತರುವುದಿಲ್ಲ.

ಅಡಿಕೆ ತೋಟ
ಹಾಗಾದರೆ ಅದನ್ನೇ ನಂಬಿದ ಕುಟುಂಬಗಳು ನಾಳೆಯಿಂದ ಏನು ಬೆಳೆಯಬೇಕೆಂದೂ ಅದೇ ಸಂಸ್ಥೆ ಹೇಳಲಿ.

ನಿರ್ವಾಹಕ
ಅಡಿಕೆಯ ದರ, ರೋಗ, ನಿಷೇಧದ ಜಗಳಕ್ಕೆ ಕೃಷಿ ವಿಭಾಗದಲ್ಲಿ ಜಾಗವಿದೆ. ಇಲ್ಲಿ ಕಿಣ್ವದ ಮಾತು ಮುಂದುವರಿಯಲಿ.

ಬಸ್ ಸ್ಟ್ಯಾಂಡ್
ನಾನು ಗುಟ್ಕಾ ಬಿಟ್ಟಿದ್ದೇನೆ. ಈಗ ಪರೀಕ್ಷಿಸಿಕೊಂಡೆ, ಎರಡು ಬೆರಳು ಹೋಗುತ್ತದೆ, ಮೂರನೆಯದು ಬಿಗಿ. ಭಯಪಡಬೇಕೇ?

ಹಲ್ಲಿನ ಡಾಕ್ಟರ್
ಭಯ ಬೇಡ, ತೋರಿಸಿಕೊಳ್ಳಿ. ಬಿಟ್ಟದ್ದು ಅತ್ಯುತ್ತಮ ಕೆಲಸ. ಆದರೆ ಗಟ್ಟಿಯಾದ ಪಟ್ಟಿ ತಾನಾಗಿ ಕರಗುವುದಿಲ್ಲ. ಹತ್ತಿರದ ದಂತ ಕಾಲೇಜಿನಲ್ಲಿ ಬಾಯಿಯ ಒಳಭಾಗವನ್ನು ಪೂರ್ತಿ ನೋಡುತ್ತಾರೆ. ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಬಯಾಪ್ಸಿ ಮಾಡುತ್ತಾರೆ.

ಸಂಶಯಿ
ಬಯಾಪ್ಸಿ! ಕತ್ತಿ ತಗುಲಿದರೆ ಗಡ್ಡೆ ಕೆರಳುತ್ತದೆ ಎಂದು ಹಳ್ಳಿಯವರು ಹೇಳುವುದು ಸುಳ್ಳಲ್ಲ. ಗಾಯವಾದರೆ ಈ ಕಿಣ್ವ ಏಳುತ್ತದೆ ಎಂದು ನೀವೇ ಬರೆದಿರಿ. 1985ರಲ್ಲಿ ವಿಜ್ಞಾನಿ ಮಿನಾ ಬಿಸೆಲ್ ಅವರ ತಂಡ ಕೋಳಿಗಳ ಮೇಲೆ ಇದನ್ನೇ ತೋರಿಸಿದೆ. ಗಾಯ ಮಾಡಿದ ಜಾಗದಲ್ಲಿ ಗಡ್ಡೆ ಎದ್ದಿತ್ತು.

ಪೊರೆಯಾಚೆ
ಆ ಪ್ರಯೋಗ ನನಗೆ ಬಹಳ ಇಷ್ಟ, ಆದ್ದರಿಂದ ಅರ್ಧ ಮಾತ್ರ ಹೇಳಲು ಬಿಡುವುದಿಲ್ಲ. ಆ ಕೋಳಿಗಳಿಗೆ ರೌಸ್ ಸಾರ್ಕೋಮಾ ವೈರಸನ್ನು ಒಂದು ರೆಕ್ಕೆಗೆ ಚುಚ್ಚಿದ್ದರು, ಅದು ರಕ್ತದಲ್ಲೂ ಸುತ್ತುತ್ತಿತ್ತು. ಆದರೂ ಗಡ್ಡೆ ಬಂದದ್ದು ಚುಚ್ಚಿದ ಜಾಗದಲ್ಲಿ, ಇನ್ನೊಂದು ರೆಕ್ಕೆಗೆ ಬೇಕೆಂದೇ ಗಾಯ ಮಾಡಿದರೆ ಅಲ್ಲೂ. ಕ್ಯಾನ್ಸರಿನ ಜೀನ್ ಒಂದೇ ಸಾಲದು, ಸುತ್ತಲಿನ ಅಂಗಾಂಶದ ಸ್ಥಿತಿಯೂ ಬೇಕು ಎಂಬುದು ಅದರ ಸಾರ. ಕ್ಯಾನ್ಸರ್ ಉಂಟುಮಾಡುವ ವೈರಸ್ ಮೈತುಂಬ ಇರುವ ಕೋಳಿಗೂ ಕೆನ್ನೆಯಿಂದ ಅಕ್ಕಿಕಾಳಿನಷ್ಟು ತೆಗೆಸಿಕೊಳ್ಳುವ ಮನುಷ್ಯನಿಗೂ ಅದನ್ನು ಹಾಗೆಯೇ ಹೊಂದಿಸುವುದು ಸರಿಯಲ್ಲ.

ಶಸ್ತ್ರಚಿಕಿತ್ಸೆಯ ನಂತರದ ಉರಿಯೂತ ಅಡಗಿದ್ದ ಗಡ್ಡೆಕೋಶಗಳಿಗೆ ನೆರವಾಗಬಹುದೆಂದು 2018ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಅದೇ ವರದಿಯಲ್ಲಿ, ಉರಿಯೂತ ತಗ್ಗಿಸುವ ಸಾಮಾನ್ಯ ಔಷಧ ಕೊಟ್ಟರೆ ಆ ಪರಿಣಾಮ ಇಳಿಯಿತು ಎಂದೂ ಇದೆ. ಇದನ್ನು ಬಳಸಿಕೊಂಡು ಚಿಕಿತ್ಸೆ ಸುಧಾರಿಸಬೇಕು, ಬಯಾಪ್ಸಿ ಬಿಡುವುದಕ್ಕಲ್ಲ.

ವಾರ್ಡ್ ಸಿಸ್ಟರ್
"ಕತ್ತಿ ತಾಗಿಸಬೇಡಿ" ಎಂದು ನಾಟಿ ಮದ್ದು ಮಾಡಿಸಿ, ಕುತ್ತಿಗೆಯ ಗಂಟು ನಿಂಬೆಹಣ್ಣಿನಷ್ಟಾದ ಮೇಲೆ ಬರುವವರನ್ನು ನೋಡುತ್ತಲೇ ಇದ್ದೇನೆ. ಅವರಿಗೆ ಕಡೆಗೆ ಬಯಾಪ್ಸಿ ಮಾಡುತ್ತೇವೆ, ಗಡ್ಡೆ ಹರಡಿರುತ್ತದೆ, ಮನೆಯವರು ಬಯಾಪ್ಸಿಯಿಂದಲೇ ಹರಡಿತು ಎನ್ನುತ್ತಾರೆ. ಸಂಶಯಿಯವರೇ, ದಯವಿಟ್ಟು ಇಂಥದ್ದನ್ನು ಬರೆಯುವ ಮುನ್ನ ಓದುವವರು ಯಾರೆಂದು ಯೋಚಿಸಿ. ಮೇಲೆ ಒಬ್ಬ ಹುಡುಗ ಈಗಷ್ಟೇ ಬೆರಳಿಟ್ಟು ನೋಡಿಕೊಂಡಿದ್ದಾನೆ.

ಹಳೇ ಮೇಷ್ಟ್ರು
ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಡ್ಡೆಗಳೆಂದರೆ ಮಾಯದ ಗಾಯಗಳು ಎಂದು ಬರೆದದ್ದು ಪ್ರಸಿದ್ಧ. ತಿರುಗಿಸಿ ನೋಡಿದರೆ, ಬಹುಕಾಲ ಮಾಯದ ಗಾಯ ಗಡ್ಡೆಯಾಗುವುದೂ ಉಂಟು. ಸುಟ್ಟ ಕಲೆಯ ಮೇಲೆ ವರ್ಷಾನುಗಟ್ಟಲೆ ಒಡೆಯುತ್ತಿರುವ ಹುಣ್ಣಿನಲ್ಲಿ ಬರುವ ಕ್ಯಾನ್ಸರಿಗೆ ಮಾರ್ಜೊಲಿನ್ ಹುಣ್ಣು ಎಂದೇ ಹೆಸರು. ಕಾಶ್ಮೀರದಲ್ಲಿ ಮೈಗೆ ಒತ್ತಿ ಹಿಡಿಯುವ ಕಾಂಗ್ರಿ ಎಂಬ ಕೆಂಡದ ಮಡಕೆಯ ಬಿಸಿಯಿಂದ, ನಮ್ಮಲ್ಲಿ ಸೊಂಟಕ್ಕೆ ಬಿಗಿದ ಪಂಚೆ, ಸೀರೆಯ ಉಜ್ಜಾಟದಿಂದಲೂ ಚರ್ಮದ ಕ್ಯಾನ್ಸರ್ ಬಂದ ವರದಿಗಳಿವೆ. ಪಂಚೆಯದನ್ನು ಮುಂಬಯಿಯ ಖಾನೋಲ್ಕರ್ 1945ರಲ್ಲೇ ಬರೆದಿದ್ದಾರೆ.

ಸ್ಕ್ಯಾನ್ ಕೋಣೆ
ಗಾಯ ಮತ್ತು ಗಡ್ಡೆಯ ಹೋಲಿಕೆ ನಮಗೆ ಪರದೆಯ ಮೇಲೆ ಕಾಣುತ್ತದೆ. ಪೊರೆಯ ಮೇಲೆ ಕೂರುವ ಇನ್ನೊಂದು ಕಿಣ್ವ ಎಫ್‌ಎಪಿ. ಆರೋಗ್ಯವಂತ ಅಂಗಾಂಶದಲ್ಲಿ ಇದು ಬಹಳ ಕಡಿಮೆ. ಗಾಯ ಮಾಯಿಸುವ ಫೈಬ್ರೊಬ್ಲಾಸ್ಟುಗಳ ಮೇಲೆ, ಹೆಚ್ಚಿನ ಗಡ್ಡೆಗಳ ಸುತ್ತಲಿನ ಫೈಬ್ರೊಬ್ಲಾಸ್ಟುಗಳ ಮೇಲೆ ಧಾರಾಳ. 2018ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನವರು ಇದಕ್ಕೆ ಅಂಟುವ ಅಣುವಿಗೆ ವಿಕಿರಣ ಸೂಸುವ ಗ್ಯಾಲಿಯಂ-68 ಕಟ್ಟಿ ಪೆಟ್ ಸ್ಕ್ಯಾನ್ ಮಾಡಿ ತೋರಿಸಿದರು. ಗಡ್ಡೆ ಎದ್ದು ಕಾಣುತ್ತದೆ. ಇತ್ತೀಚಿನ ಶಸ್ತ್ರಚಿಕಿತ್ಸೆಯ ಕಲೆ, ಸವೆದ ಕೀಲು ಕೂಡ ಮಿನುಗಬಹುದು. ಹಾಗಾಗಿ ಇಂಥ ಸ್ಕ್ಯಾನಿಗೆ ಮೊದಲು ಆಪರೇಷನ್ ಆಗಿದೆಯೇ, ಎಲ್ಲಿ, ಯಾವಾಗ ಎಂದು ಕೇಳಿಕೊಳ್ಳಬೇಕು. ಹೇಳದಿದ್ದರೆ ಮಾಯುತ್ತಿರುವ ಗಾಯವನ್ನೇ ಗಡ್ಡೆ ಎಂದು ಓದುವ ಅಪಾಯವಿದೆ.

ಮಾತ್ರೆಮನೆ
ಔಷಧದ ಕಡೆಯಲ್ಲೂ ಯೋಚನೆ ಹಾಗೇ ತಿರುಗಿದೆ. ಕಿಣ್ವವನ್ನು ತಡೆಯುವ ಬದಲು ಅದನ್ನೇ ಗುರುತಾಗಿ ಬಳಸಿಕೊಳ್ಳುವುದು. ಬ್ರಿಟನ್ನಿನ ಬೈಸಿಕಲ್ ಥೆರಪ್ಯೂಟಿಕ್ಸ್‌ನ ಬಿಟಿ1718 ಎಂಬ ಪ್ರಾಯೋಗಿಕ ಔಷಧ ಎಂಟಿ1-ಎಂಎಂಪಿಗೆ ಅಂಟಿ, ಕೋಶಕ್ಕೆ ವಿಷದ ಅಣುವನ್ನು ತಲುಪಿಸುವಂಥದ್ದು. ಮನುಷ್ಯರ ಮೇಲಿನ ಮೊದಲ ಹಂತಗಳ ಪರೀಕ್ಷೆ ನಡೆದಿದೆ. ಅಂಗಡಿಯಲ್ಲಿ ಸಿಗುವ ಔಷಧವಲ್ಲ, ಯಾರೂ ಚೀಟಿ ಹಿಡಿದುಕೊಂಡು ಬರಬೇಡಿ.

ತುಂಗಾತೀರ
ಎಲ್ಲರಿಗೂ ಧನ್ಯವಾದ. 2008, 2018ರ ಕಥೆಯನ್ನು ಮಾವನಿಗೆ ಕಳಿಸಿದೆ. "ನೋಡೋಣ" ಎಂದಿದ್ದಾರೆ, ಅವರ ಬಾಯಲ್ಲಿ ಅದು ದೊಡ್ಡ ಮಾತು. ಸಿಸ್ಟರ್, ಅಮ್ಮ ಮನೆಯೊಳಗೆ ಬರಿಗಾಲಲ್ಲೇ ಓಡಾಡುತ್ತಾರೆ. ಭಾರ ತಪ್ಪಿಸುವುದು ಎಂದಿರಲ್ಲ, ಹೇಗೆ?

ವಾರ್ಡ್ ಸಿಸ್ಟರ್
ಬರಿಗಾಲು ಇವತ್ತೇ ನಿಲ್ಲಲಿ, ದೇವರ ಕೋಣೆಗೂ ಸೇರಿಸಿ. ಪಾದದ ಕ್ಲಿನಿಕ್ಕಿನಲ್ಲಿ ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿ ಅಥವಾ ಭಾರ ಹಂಚುವ ಕ್ಯಾಸ್ಟ್ ಹಾಕುತ್ತಾರೆ. ಅದಕ್ಕೆ ಮೊದಲು ಪಾದದ ನಾಡಿ, ಬೇಕಾದರೆ ಡಾಪ್ಲರ್ ಮಾಡಿ ರಕ್ತ ಹರಿಯುತ್ತಿದೆಯೇ ನೋಡುತ್ತಾರೆ. ಸತ್ತ ಅಂಗಾಂಶವನ್ನು ಕೆರೆದು ತೆಗೆಯುವುದಕ್ಕೆ ಅಮ್ಮ ಹೆದರಬಹುದು, ಪಕ್ಕದಲ್ಲಿ ನಿಂತುಕೊಳ್ಳಿ. ಹುಣ್ಣಿನ ಅಂಚು ಉರುಟಾಗಿ ಮೇಲೆದ್ದಿದ್ದರೆ ಅಥವಾ ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಹಾಗೇ ಉಳಿದರೆ ಅಂಚಿನಿಂದ ಚೂರು ಬಯಾಪ್ಸಿ ಬೇಕೇ ಎಂದು ನೀವೇ ಕೇಳಿ.

ಹಳೇ ಮೇಷ್ಟ್ರು
ಪೊರೆಯಾಚೆಯವರೇ, ಬಿಡುವಾದಾಗ ಒಂದು ಉತ್ತರ ಬಾಕಿ ಇದೆ. ಟಿಂಪ್‌ಗಳು ಈ ಕಿಣ್ವಗಳಿಗೆ ತಡೆ ಎಂದು ಡಾಕ್ಟರಮ್ಮ ಬರೆದರು. ನಾನು ಓದಿದ ಕಡೆ ಟಿಂಪ್-2 ಇದ್ದರೇ ಎಂಟಿ1-ಎಂಎಂಪಿಯ ಕೆಲಸ ನಡೆಯುವುದು ಎಂದಿದೆ. ತಡೆಯುವವನೇ ನೆರವಾಗುವುದೇ? ಪಿಯುಸಿ ಮಕ್ಕಳಿಗೆ ಚಿತ್ರ ಬಿಡಿಸಿ ತೋರಿಸಬೇಕೆಂದಿದ್ದೇನೆ.

ಪೊರೆಯಾಚೆ
ಎರಡೂ ನಿಜ ಮೇಷ್ಟ್ರೇ, ಪ್ರಮಾಣದ ಮೇಲೆ ನಿಂತಿದೆ. ಕೊಲಾಜೆನ್ ಕಡಿಯಲು ಟಿಂಪ್-2 ಬೇಕಿಲ್ಲ. ಅದು ಬೇಕಾಗುವುದು ಎಂಎಂಪಿ-2 ಎಂಬ ಇನ್ನೊಂದು ಕಿಣ್ವವನ್ನು ಎಬ್ಬಿಸಲು. ಚಿತ್ರದಲ್ಲಿ ಪೊರೆಯ ಮೇಲೆ ಎರಡು ಎಂಟಿ1-ಎಂಎಂಪಿಗಳನ್ನು ಪಕ್ಕಪಕ್ಕ ಬಿಡಿಸಿ. ಒಂದರ ಕತ್ತರಿಸುವ ಬಾಯಿಗೆ ಟಿಂಪ್-2 ಸಿಕ್ಕಿಸಿ, ಅದು ನಿಂತಿತು. ಈಗ ಟಿಂಪ್-2ರ ಇನ್ನೊಂದು ತುದಿಗೆ, ಇನ್ನೂ ಕೆಲಸಕ್ಕೆ ಬಾರದ ಎಂಎಂಪಿ-2 ಬಂದು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲಿ ಬಾಯಿ ಖಾಲಿಯಿರುವ ಎರಡನೆಯ ಎಂಟಿ1-ಎಂಎಂಪಿ ಅದರ ಮುಂಭಾಗವನ್ನು ಕತ್ತರಿಸಿ ಎಬ್ಬಿಸುತ್ತದೆ. ಟಿಂಪ್-2 ಸ್ವಲ್ಪವೇ ಇದ್ದರೆ ಹೀಗೆ. ಹೆಚ್ಚಾದರೆ ಎರಡೂ ಬಾಯಿಗಳು ಮುಚ್ಚಿಹೋಗಿ ಏನೂ ನಡೆಯುವುದಿಲ್ಲ. ಟಿಂಪ್-1ನ್ನು ಮಾತ್ರ ಈ ಚಿತ್ರಕ್ಕೆ ಸೇರಿಸಬೇಡಿ, ಎಂಟಿ1-ಎಂಎಂಪಿ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಹೊರಗಿನ ದುಂಡು ಭಾಗಕ್ಕೆ ನಾಲ್ಕು ಎಸಳು ಬರಲಿ.